ಡೆಡ್‌ವುಡ್ ಗುಡ್ಡದ ಮೇಲಿನ ಸ್ಮಶಾನ: ನಮ್ಮೋರು ಪದೇ ಪದೇ ಕೇಳೋ ಪ್ರಶ್ನೆಗಳು

ಬೇಸಿಗೆ ಶುರುವಾಯ್ತು ಅಂದ್ರೆ ನಮ್ಮನೇಲಿ ನೆಂಟರ ಸೀಸನ್ನೂ ಶುರು. ಬಂದೋರಿಗೆಲ್ಲ ಮೌಂಟ್ ರಶ್ಮೋರ್ ನೋಡ್ಬೇಕು, ಬಂಡೇಲಿ ಕೆತ್ತಿರೋ ನಾಲ್ಕು ಅಮೆರಿಕಾ ಅಧ್ಯಕ್ಷರ ತಲೆ ಮುಂದೆ ನಿಂತು ಫೋಟೋ ತೆಗೆಸ್ಕೊಂಡ್ರೆ ಅರ್ಧ ಗಂಟೇಲಿ ಅದು ಮುಗೀತು, ಆಮೇಲೆ "ಇನ್ನೇನಿದೆ ಈ ಕಡೆ" ಅಂತಾರೆ. ನಾನು ಸೀದಾ ಡೆಡ್‌ವುಡ್‌ಗೆ ಗಾಡಿ ತಿರುಗಿಸ್ತೀನಿ. ಊರೊಳಗಿನ ಕ್ಯಾಸಿನೋ ಅಲ್ಲ, ಊರ ಮೇಲಿನ ಗುಡ್ಡದಲ್ಲಿರೋ ಮೌಂಟ್ ಮೊರಾಯ ಸ್ಮಶಾನ ತೋರ್ಸೋಕೆ. ದಾರೀಲಿ ಎಲ್ರೂ ಅವೇ ಪ್ರಶ್ನೆ ಕೇಳ್ತಾರೆ, ನಾನೂ ಅವೇ ಉತ್ತರ ಹೇಳಿ ಹೇಳಿ ಗಂಟಲು ಒಣಗಿಸ್ಕೊಂಡಿದೀನಿ. ಅದಕ್ಕೇ ಈ ಸಲ ಎಲ್ಲಾ ಒಂದ್ಕಡೆ ಟೈಪ್ ಮಾಡಿಟ್ಟಿದೀನಿ, ಬರೋ ಮುಂಚೆ ಓದ್ಕೊಂಡು ಬನ್ನಿ.

ಸ್ಮಶಾನ ನೋಡೋಕೂ ಟಿಕೆಟ್ಟಾ?

ಹೌದು, ಟಿಕೆಟ್ ಇದೆ, ಒಂದೆರಡು ಡಾಲರ್ ಅಷ್ಟೇ. ಗೇಟ್ ಹತ್ರ ಒಂದು ಮ್ಯಾಪ್ ಕೊಡ್ತಾರೆ, ಅದನ್ನ ಬಿಸಾಕ್ಬೇಡಿ, ಬೇಕಾಗತ್ತೆ. ನಮ್ಮ ಮಾವ ಮೊದಲ ಸಲ ಬಂದಾಗ "ನಮ್ಮೂರಲ್ಲಿ ಸ್ಮಶಾನಕ್ಕೆ ಕರೆಯದೇ ಯಾರೂ ಹೋಗಲ್ಲ, ಇಲ್ಲಿ ಕ್ಯೂ ನಿಂತು ದುಡ್ಡು ಕೊಟ್ಟು ಹೋಗ್ತಾರಲ್ಲಪ್ಪ" ಅಂತ ನಕ್ಕಿದ್ರು. ಆಮೇಲೆ ಎರಡು ಗಂಟೆ ಆದ್ರೂ ಅವರನ್ನ ಹೊರಗೆ ಕರ್ಕೊಂಡು ಬರೋಕೆ ಆಗ್ಲಿಲ್ಲ.

ಈ ಊರು ಎಲ್ಲಿದೆ? ಇಷ್ಟು ಕಾಡಿನ ಮಧ್ಯೆ ಯಾಕೆ ಹುಟ್ಟಿತು?

ಅಮೆರಿಕಾದ ಸೌತ್ ಡಕೋಟಾ ರಾಜ್ಯದಲ್ಲಿ, ಬ್ಲ್ಯಾಕ್ ಹಿಲ್ಸ್ ಬೆಟ್ಟಗಳ ಒಳಗೆ, ಒಂದು ಇಕ್ಕಟ್ಟಾದ ಕಣಿವೇಲಿ. ರ‍್ಯಾಪಿಡ್ ಸಿಟಿಯಿಂದ ಮುಕ್ಕಾಲು ಗಂಟೆ, ಒಂದು ಗಂಟೆ ಡ್ರೈವ್. ಈಗ ಜನಸಂಖ್ಯೆ ಸಾವಿರದ ಚಿಲ್ಲರೆ, ನಮ್ಮ ಕಡೆ ಆದ್ರೆ ಒಂದು ಸಾಧಾರಣ ಹಳ್ಳಿ. ಕಣಿವೆ ತುಂಬ ಒಣಗಿ ಸತ್ತ ಮರ ಬಿದ್ದಿದ್ವಂತೆ, ಅದಕ್ಕೇ ಆ ಹೆಸರು.

ಹುಟ್ಟಿದ್ದು ಚಿನ್ನಕ್ಕೆ, ಇನ್ನೇನಕ್ಕೆ. 1874ರಲ್ಲಿ ಜನರಲ್ ಕಸ್ಟರ್ ಅನ್ನೋ ಮಿಲಿಟರಿ ಆಸಾಮಿ ದೊಡ್ಡ ದಂಡು ಕಟ್ಕೊಂಡು ಈ ಬೆಟ್ಟಕ್ಕೆ ಬಂದ, ಹೊಳೇಲಿ ಚಿನ್ನ ಇದೆ ಅಂತ ಸುದ್ದಿ ಹಬ್ಬಿತು, 1876 ಅನ್ನೋಷ್ಟರಲ್ಲಿ ಈ ಕಣಿವೇಲಿ ಸಾವಿರಾರು ಜನ ಟೆಂಟ್ ಹಾಕ್ಕೊಂಡು ಮರಳು ಜಾಲಿಸ್ತಾ ಕೂತಿದ್ರು. ಸಾವಿರಾರು ಗಂಡಸರು, ಹೆಂಗಸರು ತೀರಾ ಕಮ್ಮಿ, ಕುಡಿಯೋಕೆ ಬೇಕಾದಷ್ಟು, ಪೊಲೀಸ್ ಇಲ್ಲ, ಕೋರ್ಟ್ ಇಲ್ಲ. ಇಂಥ ಊರಿಗೆ ಸ್ಕೂಲು, ಚರ್ಚು ಬರೋಕೆ ಮುಂಚೆ ಏನು ಬೇಕಾಗತ್ತೆ ಹೇಳಿ.

"ಪಯೋನಿಯರ್ ಸ್ಮಶಾನ" ಅಂದ್ರೆ ಮೊದಲು ಬಂದು ನೆಲೆಸಿದೋರದ್ದು ಅಂತಾನಾ?

ಹಾಗಂತ ಬೋರ್ಡಲ್ಲಿ, ಬ್ರೋಷರಲ್ಲಿ ಬರೀತಾರೆ. ಆದ್ರೆ "ಮೊದಲು" ಅನ್ನೋ ಪದಕ್ಕೆ ನಾನು ಒಂದು ಚೂರು ತಕರಾರು ತೆಗೀತೀನಿ. ಈ ಬೆಟ್ಟಗಳು ಇಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನರದ್ದು. 1868ರ ಫೋರ್ಟ್ ಲ್ಯಾರಮಿ ಒಪ್ಪಂದದಲ್ಲಿ ಅಮೆರಿಕಾ ಸರ್ಕಾರಾನೇ ಕಾಗದದ ಮೇಲೆ ಬರ್ಕೊಟ್ಟಿತ್ತು, ಇದು ನಿಮ್ಮದು, ಬಿಳಿಯರು ಇಲ್ಲಿ ನೆಲೆಸೋ ಹಾಗಿಲ್ಲ ಅಂತ. ಬರ್ಕೊಟ್ಟು ಆರು ವರ್ಷಕ್ಕೆ ಚಿನ್ನ ಸಿಕ್ತು, ಎಂಟು ವರ್ಷಕ್ಕೆ ಡೆಡ್‌ವುಡ್ ಎದ್ದು ನಿಂತಿತ್ತು. ಅಂದ್ರೆ 1876ರಲ್ಲಿ ಇಲ್ಲಿದ್ದ ಒಬ್ಬೊಬ್ಬನೂ ಕಾನೂನು ಪ್ರಕಾರ ಅಕ್ರಮ ಒತ್ತುವರಿದಾರ, ನಮ್ಮ ಭಾಷೇಲಿ ಹೇಳೋದಾದ್ರೆ. 1877ರಲ್ಲಿ ಕಾಂಗ್ರೆಸ್ಸು, ಅಂದ್ರೆ ಅಮೆರಿಕಾದ ಸಂಸತ್ತು, ಇನ್ನೊಂದು ಕಾನೂನು ಮಾಡಿ ಬೆಟ್ಟಾನೇ ಕಿತ್ಕೊಳ್ತು, ಒತ್ತುವರಿ ಎಲ್ಲಾ ಸಕ್ರಮ ಆಯ್ತು.

ಇಲ್ಲಿಗೆ ಕಥೆ ಮುಗೀಲಿಲ್ಲ. 1980ರಲ್ಲಿ ಸುಪ್ರೀಂ ಕೋರ್ಟು, ಅದು ತಪ್ಪು, ಪರಿಹಾರ ಕೊಡಿ ಅಂತ ತೀರ್ಪು ಕೊಡ್ತು, 10 ಕೋಟಿ ಡಾಲರ್‌ಗೂ ಮೇಲೆ. ಲಕೋಟಾಗಳು ದುಡ್ಡು ಮುಟ್ಟಲಿಲ್ಲ, ನಮಗೆ ಬೆಟ್ಟ ವಾಪಸ್ ಕೊಡಿ ಅಂದ್ರು. ದುಡ್ಡು ಬಡ್ಡಿ ಬೆಳೀತಾ ಹಾಗೇ ಬಿದ್ದಿದೆ, ಬಡತನದಲ್ಲಿದ್ರೂ ಅವರು ಇವತ್ತಿಗೂ ತಗೊಂಡಿಲ್ಲ. ಸ್ಮಶಾನದೊಳಗೆ ಸುತ್ತಾಡುವಾಗ ಇದು ತಲೇಲಿ ಇರ್ಲಿ, ಯಾಕಂದ್ರೆ ಅಲ್ಲಿ ಎಲ್ರಿಗೂ ಒಂದೊಂದು ಮೂಲೆ ಇದೆ, ಈ ನೆಲದವರಿಗೇ ಇಲ್ಲ.

ಊರಿನ ಮೊದಲ ಹೆಣ ಇಲ್ಲೇ ಹೂತಿದ್ದಾ?

ಅಲ್ಲ. ಮೊದಲಿನ ಸ್ಮಶಾನ ಇಂಗಲ್‌ಸೈಡ್ ಅಂತ, ಕೆಳಗೆ, ಈಗ ಮನೆಗಳಿರೋ ಜಾಗ. ಊರು ಬೆಳೀತಾ ಮನೆ ಕಟ್ಟೋಕೆ ಸಮತಟ್ಟು ಜಾಗ ಸಾಲ್ದೇ ಬಂತು, 1877-78ರ ಹೊತ್ತಿಗೆ ಸತ್ತೋರನ್ನ ಇನ್ನೂ ಮೇಲಕ್ಕೆ ಹತ್ತಿಸೋಣ ಅಂತ ಮೌಂಟ್ ಮೊರಾಯದಲ್ಲಿ ಜಾಗ ಗುರುತು ಮಾಡಿದ್ರು. ಗೊತ್ತಿದ್ದೋರು ದುಡ್ಡಿದ್ದೋರು ತಮ್ಮೋರನ್ನ ಅಗೆದು ಮೇಲಕ್ಕೆ ಸಾಗಿಸಿದ್ರು. ಗುರುತು ಹಿಡಿಯೋರಿಲ್ಲದೇ ಇರೋರು ಅಲ್ಲೇ ಉಳ್ಕೊಂಡ್ರು, ಮೇಲೆ ಮನೆ, ರಸ್ತೆ, ಹಿತ್ಲು.

ಅದಕ್ಕೇ ಆ ಬೀದೀಲಿ ಯಾರಾದ್ರೂ ಪಾಯ ತೆಗೆದ್ರೆ ಆಗಾಗ ಮೂಳೆ ಸಿಗತ್ತೆ. 2012ರಲ್ಲಿ ತಡೆಗೋಡೆ ರಿಪೇರಿ ಮಾಡ್ತಿದ್ದಾಗ ಹೆಚ್ಚುಕಮ್ಮಿ ಪೂರ್ತಿ ಅಸ್ಥಿಪಂಜರಾನೇ ಸಿಕ್ತು, ಒಬ್ಬ ಯುವಕಂದು. ಹೆಸರು ಗೊತ್ತಾಗ್ಲಿಲ್ಲ. ತಲೆಬುರುಡೆ ನೋಡ್ಕೊಂಡು ಅವನ ಮುಖ ಹೀಗಿದ್ದಿರಬಹುದು ಅಂತ ಕಲಾವಿದರ ಕೈಲಿ ಚಿತ್ರ ಬರೆಸಿದ್ರು. ನೂರಾ ಮೂವತ್ತು ಚಿಲ್ಲರೆ ವರ್ಷ ಆದ್ಮೇಲೆ ಒಂದು ಮುಖ ಸಿಕ್ತು ಪುಣ್ಯಾತ್ಮನಿಗೆ.

ಮೊರಾಯ ಅಂದ್ರೆ ಯಾರದ್ದಾದ್ರೂ ಹೆಸರಾ?

ಬೈಬಲ್‌ನಲ್ಲಿ ಬರೋ ಬೆಟ್ಟ. ಕನ್ನಡ ಬೈಬಲ್ ಓದಿರೋರಿಗೆ ಮೊರೀಯ ಅಂದ್ರೆ ಗೊತ್ತಾಗತ್ತೆ, ಅಬ್ರಹಾಮ ಮಗನನ್ನ ಬಲಿ ಕೊಡೋಕೆ ಕರ್ಕೊಂಡು ಹೋಗೋ ಜಾಗ, ಆಮೇಲೆ ಸೊಲೊಮೋನ ದೇವಸ್ಥಾನ ಕಟ್ಟಿಸಿದ್ದೂ ಅದೇ ಬೆಟ್ಟದ ಮೇಲೆ. ಆ ದೇವಸ್ಥಾನದ ಕಥೆ ಫ್ರೀಮೇಸನ್ ಅನ್ನೋ ಗುಟ್ಟಿನ ಸಂಘದೋರಿಗೆ ಬಹಳ ಮುಖ್ಯ, ಅವರು ಆ ಕಾಲದ ಊರಲ್ಲಿ ಜೋರಾಗೇ ಇದ್ರು.

ಎಲ್ರೂ ಮುಗಿಬೀಳೋ ಆ ವೈಲ್ಡ್ ಬಿಲ್ ಯಾರು?

ಪೂರ್ತಿ ಹೆಸರು ಜೇಮ್ಸ್ ಬಟ್ಲರ್ ಹಿಕಾಕ್, 1837ರಲ್ಲಿ ಇಲಿನಾಯ್‌ನಲ್ಲಿ ಹುಟ್ಟಿದೋನು. ಸೈನ್ಯದ ಸ್ಕೌಟು, ಕ್ಯಾನ್ಸಾಸ್ ಕಡೆ ಪೊಲೀಸು, ಗುರಿ ತಪ್ಪದ ಪಿಸ್ತೂಲು, ಉದ್ದ ಕೂದಲು, ಬದುಕಿದ್ದಾಗ್ಲೇ ಪೇಪರ್‌ನೋರು ಇವನ ಮೇಲೆ ರೆಕ್ಕೆಪುಕ್ಕ ಕಟ್ಟಿ ಕಥೆ ಬರ್ದು ಹೀರೋ ಮಾಡಿಬಿಟ್ಟಿದ್ರು. ಡೆಡ್‌ವುಡ್‌ಗೆ ಬಂದಿದ್ದು 1876ರ ಜುಲೈನಲ್ಲಿ. ಸತ್ತಿದ್ದು ಆಗಸ್ಟ್ 2ಕ್ಕೆ. ಊರಲ್ಲಿ ಇದ್ದಿದ್ದು ಕೆಲವೇ ವಾರ, ಆದ್ರೆ ಊರು ಇವತ್ತಿಗೂ ಅವನ ಹೆಸರಲ್ಲಿ ಊಟ ಮಾಡ್ತಿದೆ.

ಸಾವು ಹೇಗಾಯ್ತು ಅಂದ್ರೆ, ನಂಬರ್ 10 ಸಲೂನ್ ಅಂತ ಒಂದು ಬಾರು, ಅಲ್ಲಿ ಪೋಕರ್ ಆಡ್ತಾ ಕೂತಿದ್ದ. ಯಾವಾಗ್ಲೂ ಗೋಡೆಗೆ ಬೆನ್ನು ಕೊಟ್ಟು ಕೂರೋನು, ಅವತ್ತು ಆ ಕುರ್ಚೀಲಿ ಬೇರೆಯವನಿದ್ದ, ಜಾಗ ಬಿಟ್ಕೊಡು ಅಂದ್ರೆ ಬಿಡ್ಲಿಲ್ಲ, ಇವನು ಬಾಗಿಲಿಗೆ ಬೆನ್ನು ಹಾಕಿ ಕೂತ. ಜ್ಯಾಕ್ ಮೆಕಾಲ್ ಅನ್ನೋನು ಹಿಂದಿನಿಂದ ಬಂದು ತಲೆಗೆ ಗುಂಡು ಹೊಡೆದ. ಕೈಲಿ ಎರಡು ಕಪ್ಪು ಎಕ್ಕ, ಎರಡು ಕಪ್ಪು ಎಂಟು ಇದ್ವು, ಅದಕ್ಕೇ ಆ ಎಲೆಗಳಿಗೆ ಡೆಡ್ ಮ್ಯಾನ್ಸ್ ಹ್ಯಾಂಡ್ ಅಂತ ಹೆಸರು ಬಂತು ಅಂತಾರೆ. ಎಲೆಗಳ ಈ ವಿವರ ಪ್ರಚಾರಕ್ಕೆ ಬಂದಿದ್ದು ಅವನು ಸತ್ತು ಎಷ್ಟೋ ದಶಕ ಆದ್ಮೇಲೆ. ಅದನ್ನ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಕುರ್ಚಿ ಕಥೆ ಮಾತ್ರ ನಮ್ಮಮ್ಮಂಗೆ ಬಹಳ ಹಿಡಿಸಿ, ಈಗ ಹೋಟೆಲ್‌ಗೆ ಹೋದ್ರೆ ಬಾಗಿಲ ಕಡೆ ಬೆನ್ನು ಹಾಕಿ ಕೂರಲ್ಲ ಅಂತಾರೆ.

ಕೊಂದೋನನ್ನ ಸುಮ್ನೆ ಬಿಟ್ರಾ?

ಮೊದಲು ಬಿಟ್ರು! ಮಾರನೇ ದಿನಾನೇ ಗಣಿ ಕೆಲಸದೋರೇ ಸೇರಿ ಒಂದು ಪಂಚಾಯ್ತಿ ಕಟ್ಟೆ ಥರ ಕೋರ್ಟ್ ಮಾಡಿದ್ರು. ಬಿಲ್ ನನ್ನ ತಮ್ಮನ್ನ ಕೊಂದಿದ್ದ, ಸೇಡು ತೀರಿಸ್ಕೊಂಡೆ ಅಂದ, ಸರಿ ಹೋಗಪ್ಪ ಅಂದ್ರು. ಇವನು ವಯೋಮಿಂಗ್‌ಗೆ ಹೋಗಿ ಬಾಯಿ ಬಡ್ಕೊಂಡು ತಿರುಗಿದ, ಅಲ್ಲಿ ಮತ್ತೆ ಹಿಡಿದ್ರು. ಒಂದೇ ಕೇಸಿಗೆ ಎರಡು ಸಲ ವಿಚಾರಣೆ ಮಾಡೋ ಹಾಗಿಲ್ವಲ್ಲ? ಇಲ್ಲೇ ಮಜಾ ಇರೋದು. ಡೆಡ್‌ವುಡ್ ಇರೋದೇ ಲಕೋಟಾ ನೆಲದಲ್ಲಿ, ಊರೇ ಅಕ್ರಮ, ಹಾಗಾಗಿ ಅದರ ಕೋರ್ಟೂ ಕೋರ್ಟಲ್ಲ, ತೀರ್ಪೂ ತೀರ್ಪಲ್ಲ ಅಂತಾಯ್ತು. ಆಗಿನ ಡಕೋಟಾ ಪ್ರಾಂತ್ಯದ ರಾಜಧಾನಿ ಯಾಂಕ್ಟನ್‌ನಲ್ಲಿ ಮತ್ತೆ ಕೇಸ್ ನಡೆದು 1877ರ ಮಾರ್ಚ್ 1ಕ್ಕೆ ನೇಣಿಗೆ ಹಾಕಿದ್ರು. ಚಿನ್ನದ ವಿಷಯಕ್ಕೆ ನೆನಪಾಗದ ಒಪ್ಪಂದ ನೇಣಿನ ವಿಷಯಕ್ಕೆ ಹೇಗೆ ನೆನಪಾಯ್ತು ನೋಡಿ. ಕೆಲವು ವರ್ಷ ಆದ್ಮೇಲೆ ಅವನನ್ನ ಹೂತಿದ್ದ ಅಲ್ಲಿನ ಸ್ಮಶಾನಾನೂ ಸ್ಥಳಾಂತರ ಮಾಡಬೇಕಾಗಿ ಬಂದು ಅವನನ್ನ ಅಗೆದಾಗ ಕುತ್ತಿಗೇಲಿ ಹಗ್ಗ ಹಾಗೇ ಇತ್ತಂತೆ.

ವೈಲ್ಡ್ ಬಿಲ್ ಹೆಣ ಕಲ್ಲಾಗಿತ್ತು ಅಂತಾರಲ್ಲ?

1879ರಲ್ಲಿ ಅವನ ಸ್ನೇಹಿತ ಚಾರ್ಲಿ ಅಟರ್, ಇಂಗಲ್‌ಸೈಡ್‌ನಿಂದ ಹೆಣ ತೆಗೆಸಿ ಮೇಲಿನ ಈಗಿನ ಜಾಗಕ್ಕೆ ತಂದ. ಪೆಟ್ಟಿಗೆ ಎತ್ತೋಕೆ ಹೋದೋರಿಗೆ ಭಾರ ತಡೆಯೋಕಾಗ್ಲಿಲ್ಲ, ತೆಗೆದು ನೋಡಿದ್ರೆ ಮೈಯೆಲ್ಲ ಗಟ್ಟಿ ಆಗಿತ್ತು ಅಂತ ಆಗಿನೋರು ಹೇಳಿದಾರೆ. ಮಣ್ಣಿನ ನೀರಲ್ಲಿರೋ ಸುಣ್ಣದಂಥ ಖನಿಜ ಒಳಗೆ ಇಳಿದು ಹಾಗಾಗಿರಬಹುದು ಅನ್ನೋದು ವಿವರಣೆ. ಊರಿನೋರು ಹೇಳೋ ಅಷ್ಟು ಕಲ್ಲಾಗಿತ್ತೋ ಇಲ್ವೋ, ಅವರೇನೂ ಕಮ್ಮಿ ಮಾಡಿ ಹೇಳೋರಲ್ಲ.

ಹೆಣ ಗಟ್ಟಿ ಇದ್ರೂ ಮೇಲಿನ ಗುರುತು ಮಾತ್ರ ಉಳೀಲಿಲ್ಲ. ಮೊದಲು ಚಾರ್ಲಿ ಒಂದು ಮರದ ಹಲಗೆ ನೆಟ್ಟಿದ್ದ, ಗೆಳೆಯಾ ಮತ್ತೆ ಸಿಗೋಣ ಅನ್ನೋ ಅರ್ಥದ ಮಾತು ಬರೆಸಿ. ನೋಡೋಕೆ ಬಂದೋರು ಚಾಕೂಲಿ ಒಂದೊಂದು ಚೂರು ಕೆತ್ಕೊಂಡು ನೆನಪಿಗೆ ಅಂತ ಹೋದ್ರು. ಕಲ್ಲಿನ ಮೂರ್ತಿ ಇಟ್ರು, ಅದರ ಮೂಗು ಕೈ ಒಡ್ಕೊಂಡು ಹೋದ್ರು. ಬೇಲಿ ಹಾಕಿದ್ರು, ಬೇಲಿ ಹಾರಿ ಒಡೆದ್ರು. ಈಗ ಕಬ್ಬಿಣದ ಬೇಲಿ ಒಳಗೆ ಕಂಚಿನ ತಲೆ ಇದೆ, ಅದನ್ನ ಒಡೆಯೋಕಾಗಲ್ಲ, ಅದಕ್ಕೇ ಈಗಿನೋರು ಕಿತ್ಕೊಳ್ಳೋ ಬದ್ಲು ಇಟ್ಟು ಹೋಗ್ತಾರೆ, ಚಿಲ್ಲರೆ ಕಾಸು, ಇಸ್ಪೀಟ್ ಎಲೆ, ಸಣ್ಣ ವಿಸ್ಕಿ ಬಾಟ್ಲು. ನಮ್ಮ ಕಡೆ ಭೂತಪ್ಪಂಗೆ ಚೌಡಮ್ಮಂಗೆ ಹರಕೆ ಇಟ್ಟ ಹಾಗೇ ಕಾಣತ್ತೆ, ಅಗರಬತ್ತಿ ಒಂದು ಕಮ್ಮಿ.

ಪಕ್ಕದಲ್ಲಿರೋದು ಹೆಂಡ್ತೀನಾ?

ಅಲ್ಲ ಅಲ್ಲ. ಹೆಂಡತಿ ಆಗ್ನೆಸ್ ಅಂತ, ಸರ್ಕಸ್ ನಡೆಸ್ತಿದ್ದೋಳು, ಅದೇ ವರ್ಷ ಮಾರ್ಚ್‌ನಲ್ಲಿ ಮದುವೆ ಆಗಿತ್ತು, ಡೆಡ್‌ವುಡ್‌ಗೆ ಬಂದಿರಲಿಲ್ಲ. ಪಕ್ಕದಲ್ಲಿರೋದು ಕಲಾಮಿಟಿ ಜೇನ್, ನಿಜ ಹೆಸರು ಮಾರ್ಥಾ ಕ್ಯಾನರಿ. ಗಂಡಸರ ಬಟ್ಟೆ ಹಾಕ್ಕೊಂಡು, ಕುದುರೆ ಹತ್ಕೊಂಡು, ಗಂಡಸರಿಗಿಂತ ಜಾಸ್ತಿ ಕುಡೀತಾ, ಅದಕ್ಕಿಂತ ಜಾಸ್ತಿ ಬುರುಡೆ ಬಿಡ್ತಾ ಓಡಾಡ್ಕೊಂಡಿದ್ದ ಹೆಂಗಸು. ಊರಿಗೆ ಸಿಡುಬು ಬಂದಾಗ ಯಾರೂ ಹತ್ರ ಹೋಗದ ರೋಗಿಗಳ ಸೇವೆ ಮಾಡಿದ್ಳು ಅಂತ ಹಳಬರು ನೆನೆಸ್ಕೊಳ್ತಿದ್ರು, ನಂಗೆ ಅವಳ ಬಗ್ಗೆ ಗೌರವ ಇರೋದು ಆ ಕಾರಣಕ್ಕೆ. 1903ರ ಆಗಸ್ಟ್ 1ಕ್ಕೆ ಪಕ್ಕದ ಟೆರಿ ಅನ್ನೋ ಗಣಿ ಊರಲ್ಲಿ ಸತ್ಳು, ಬಿಲ್ ಪಕ್ಕದಲ್ಲೇ ಹೂಳಿ ಅಂತ ಕೇಳ್ಕೊಂಡಿದ್ಳಂತೆ. ಇನ್ನೊಂದು ಕಥೆ ಏನಂದ್ರೆ, ಬದುಕಿದ್ದಾಗ ಬಿಲ್‌ಗೆ ಇವಳನ್ನ ಕಂಡ್ರೆ ಅಷ್ಟಕ್ಕಷ್ಟೇ, ಮಣ್ಣು ಮಾಡೋಕೆ ಓಡಾಡಿದ ಹಳೇ ದೋಸ್ತ್‌ಗಳು ತಮಾಷೆಗೆ ಅಂತಾನೇ ಪಕ್ಕದಲ್ಲಿ ಹಾಕಿದ್ರು ಅಂತ. ಇಪ್ಪತ್ತೇಳು ವರ್ಷ ಆದ್ಮೇಲೆ ಸತ್ತೋನ ಜೊತೆ ಇಂಥ ಕುಚೇಷ್ಟೆ!

ಚೀನಾದೋರ ಭಾಗ ಅಂತ ಮ್ಯಾಪಲ್ಲಿದೆ, ಅಲ್ಲಿ ಹೋದ್ರೆ ಏನೂ ಇಲ್ವಲ್ಲ?

ಹೌದು, ಬಹಳ ಜನ ಅಲ್ಲಿವರೆಗೂ ಹೋಗೋದೇ ಇಲ್ಲ, ಹೋದೋರು ಹೀಗಂದು ಬರ್ತಾರೆ. ನನ್ನ ಕೇಳಿದ್ರೆ ಇಡೀ ಗುಡ್ಡದಲ್ಲಿ ನೋಡಬೇಕಾದ ಜಾಗ ಅದೇ.

ಡೆಡ್‌ವುಡ್‌ನಲ್ಲಿ ಒಂದು ದೊಡ್ಡ ಚೈನಾಟೌನ್ ಇತ್ತು. ಲಾಂಡ್ರಿ, ಹೋಟೆಲು, ದಿನಸಿ ಅಂಗಡಿ, ಔಷಧಿ, ಬಿಳಿಯರು ಬಿಟ್ಟು ಹೋದ ಮರಳಲ್ಲಿ ಮತ್ತೆ ಚಿನ್ನ ಜಾಲಿಸೋದು, ಎಲ್ಲಾ ಮಾಡ್ತಿದ್ರು. ಸತ್ತಾಗ ಮೆರವಣಿಗೇಲಿ ಬ್ಯಾಂಡ್ ಬಾರಿಸ್ಕೊಂಡು ಗುಡ್ಡ ಹತ್ತೋರು, ದಾರಿಯುದ್ದಕ್ಕೂ ತೂತು ಮಾಡಿದ ಸಣ್ಣ ಸಣ್ಣ ಕಾಗದದ ಚೂರು ಎರಚೋರು. ಕೆಟ್ಟ ಗಾಳಿ ಬೆನ್ನು ಹತ್ತಿದ್ರೆ ಅದು ಒಂದೊಂದು ತೂತಲ್ಲೂ ನುಸುಳಿಕೊಂಡೇ ಬರಬೇಕಂತೆ, ಅಷ್ಟರಲ್ಲಿ ಸತ್ತೋನು ಸುರಕ್ಷಿತವಾಗಿ ಮಣ್ಣು ಸೇರಿರ್ತಾನೆ. ನಮ್ಮಲ್ಲಿ ಪುರಿ, ಚಿಲ್ಲರೆ ಕಾಸು ಎರಚಿಕೊಂಡು ಹೋಗ್ತೀವಲ್ಲ, ಹಾಗೇ. ಸಮಾಧಿ ಹತ್ರ ಸುಟ್ಟ ಹಂದಿ, ಅನ್ನ, ಎಲ್ಲಾ ಎಡೆ ಇಡೋರು, ಸತ್ತೋರಿಗೆ ಬೇಕಾದ ಕಾಗದದ ವಸ್ತುಗಳನ್ನ ಇಟ್ಟಿಗೆ ಒಲೇಲಿ ಸುಡೋರು. ಆ ಒಲೆ, ಎಡೆ ಇಡೋ ಕಟ್ಟೆ ಎರಡೂ ಈಗ್ಲೂ ಇದೆ, ಹಳೇದು ಬಿದ್ದು ಹೋಗಿತ್ತು, ಅದೇ ಮಾದರೀಲಿ ಮತ್ತೆ ಕಟ್ಟಿದಾರೆ. ಒಲೆ ಬಾಯಿಗೆ ಬಗ್ಗಿ ನೋಡಿ, ನಮ್ಮ ಹಳ್ಳಿ ಮನೆ ಹಂಡೆ ಒಲೆ ನೆನಪಾಗತ್ತೆ.

ಸಮಾಧಿ ಯಾಕೆ ಕಾಣ್ಸಲ್ಲ ಅಂದ್ರೆ, ಅವರು ಅಲ್ಲಿಲ್ಲ. ಸತ್ತ ಕೆಲವು ವರ್ಷಕ್ಕೆ ಅಗೆದು, ಮೂಳೆ ಆರಿಸಿ, ಕ್ಲೀನ್ ಮಾಡಿ ಪೆಟ್ಟಿಗೆಗೆ ತುಂಬಿ, ಚೀನಾದಲ್ಲಿರೋ ಅವರವರ ಊರಿಗೆ ಕಳಿಸ್ತಿದ್ರು. ಪರದೇಶದ ಮಣ್ಣಲ್ಲಿ ಬಿದ್ದಿದ್ರೆ ಎಡೆ ಇಡೋಕೆ ಮಕ್ಕಳಿಲ್ಲ, ಆತ್ಮ ಹಸಿದು ಅಲೆಯತ್ತೆ ಅನ್ನೋ ನಂಬಿಕೆ. ಅದೂ ಅಲ್ದೆ 1882ರ ಕಾನೂನು ಚೀನಾ ಕೂಲಿಕಾರರು ಬರೋದನ್ನೇ ನಿಲ್ಲಿಸ್ತು, ಹೆಂಡ್ತಿ ಮಕ್ಕಳನ್ನ ಕರೆಸ್ಕೊಳ್ಳೋದು ಹೆಚ್ಚಿನೋರಿಗೆ ಸಾಧ್ಯಾನೇ ಇರಲಿಲ್ಲ, ಇನ್ನು ಇಲ್ಲಿ ಯಾರು ಬಂದು ನೋಡ್ಕೊಳ್ತಾರೆ. ನಮ್ಮ ಚಿಕ್ಕಪ್ಪನ ಅಸ್ಥಿ ಇಲ್ಲಿಂದ ಸೂಟ್‌ಕೇಸಲ್ಲಿ ಇಟ್ಕೊಂಡು ಶ್ರೀರಂಗಪಟ್ಟಣದ ಪಶ್ಚಿಮವಾಹಿನೀಲಿ ಬಿಟ್ಟು ಬಂದಿದ್ದು ನಾನೇ, ಅದಾದ್ಮೇಲೆ ಈ ಖಾಲಿ ಹುಲ್ಲು ಜಾಗ ನೋಡಿದ್ರೆ "ಏನೂ ಇಲ್ಲ" ಅಂತ ಅನ್ಸೋದೇ ಇಲ್ಲ.

ಕೆಲವು ಕಲ್ಲಿನ ಮೇಲೆ ಸಣ್ಣ ಸಣ್ಣ ಬೆಣಚುಕಲ್ಲು ಇಟ್ಟಿರ್ತಾರೆ, ಯಾಕೆ?

ಅದು ಯಹೂದಿಗಳ ಭಾಗ, ಮೌಂಟ್ ಜಯಾನ್ ಅಂತಾರೆ, ಊರಿನೋರ ಬಾಯಲ್ಲಿ ಹೀಬ್ರೂ ಹಿಲ್. ಹೂವಿನ ಬದಲು ಕಲ್ಲಿಡೋದು ಅವರ ಪದ್ಧತಿ, ನಾನು ಬಂದಿದ್ದೆ ಅಂತ. ದಯವಿಟ್ಟು ಮಕ್ಕಳು ಆಡೋಕೆ ಅಂತ ಎತ್ಕೊಂಡು ಹೋಗೋ ಹಾಗೆ ಬಿಡಬೇಡಿ. ಗಣಿ ಊರು ಅಂದ್ರೆ ಅಂಗಡಿ ಬೇಕು, ಬಟ್ಟೆ, ದಿನಸಿ, ಹಾರ್ಡ್‌ವೇರು, ಆ ವ್ಯಾಪಾರದಲ್ಲಿ ಯಹೂದಿ ಕುಟುಂಬಗಳು ಮೊದಲಿಂದ್ಲೂ ಇದ್ವು. ಕೋಲ್ಮನ್ ಅನ್ನೋ ಮನೆತನದ ಕಲ್ಲು ಹುಡುಕಿ, ಆ ಮನೆಯ ಹೆಣ್ಣುಮಗಳು ಬ್ಲಾಂಚ್ ಕೋಲ್ಮನ್ 1911ರಲ್ಲಿ ವಕೀಲಿಕೆ ಸನ್ನದು ತಗೊಂಡ್ಳು, ಬ್ಲ್ಯಾಕ್ ಹಿಲ್ಸ್‌ನ ಮೊದಲ ಲೇಡಿ ಲಾಯರು. ಹೆಂಗಸರಿಗೆ ಈ ರಾಜ್ಯದಲ್ಲಿ ವೋಟೇ ಇಲ್ಲದ ಕಾಲ ಅದು.

ಮಕ್ಕಳ ಸಮಾಧಿ ಅಷ್ಟೊಂದು ಯಾಕೆ?

ಗಂಟಲುಮಾರಿ, ಸ್ಕಾರ್ಲೆಟ್ ಜ್ವರ. ಲಸಿಕೆ ಇಲ್ಲ, ಔಷಧಿ ಇಲ್ಲ, ಒಂದು ಮನೆಗೆ ಹೊಕ್ಕಿದ್ರೆ ಆ ವಾರ ಎರಡು ಮೂರು ಮಕ್ಕಳು. ಕಲ್ಲಿನ ಮೇಲೆ ಮಲಗಿರೋ ಕುರಿಮರಿ ಕೆತ್ತಿರ್ತಾರೆ, ಅಂಗೈ ಉದ್ದದ್ದು, ಮಳೆ ಹಿಮಕ್ಕೆ ಕಿವಿ ಮೂಗು ಸವೆದು ಈಗ ಸೋಪಿನ ತುಂಡಿನ ಹಾಗಾಗಿವೆ. ಕೆಲವು ಕಡೆ ವಯಸ್ಸು ತಿಂಗಳಲ್ಲಿ, ದಿನದಲ್ಲಿ ಬರೆದಿದೆ. ಇಲ್ಲಿ ನಾನು ಏನೂ ಹೇಳೋಕೆ ಹೋಗಲ್ಲ, ಸುಮ್ನೆ ಮುಂದೆ ನಡೀತೀನಿ.

ಕಲ್ಲೇ ಇಲ್ಲದ ಖಾಲಿ ಜಾಗಗಳು?

ಖಾಲಿ ಅಲ್ಲ, ಹೆಸರಿಲ್ಲದೋರು, ದುಡ್ಡಿಲ್ಲದೋರು. ಒಟ್ಟು ಗುಡ್ಡದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಇದಾರೆ, ಕಲ್ಲು ಅಷ್ಟಿಲ್ಲ. ಮರದ ಹಲಗೆ ನೆಟ್ಟಿದ್ದು ಕೊಳೆತು ಹೋಗಿದೆ. ಇಂಗಲ್‌ಸೈಡ್‌ನಲ್ಲಿ ಉಳ್ಕೊಂಡೋರ ಹಣೆಬರಹಾನೇ ಇವರದ್ದೂ. 1883ರಲ್ಲಿ ಮರದ ಮಿಲ್ಲಿಗೆ ಬೆಂಕಿ ಬಿದ್ದು ಸತ್ತ 11 ಜನರನ್ನ ಒಟ್ಟಿಗೆ ಹೂತ ಜಾಗಾನೂ ಇದೆ.

ಮನೆ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿ ಸತ್ತ ಪಾದ್ರಿ ಇಲ್ಲೇ ಇದಾರಾ?

ಇದಾರೆ. ಹೆನ್ರಿ ವೆಸ್ಟನ್ ಸ್ಮಿತ್, ಪ್ರೀಚರ್ ಸ್ಮಿತ್ ಅಂತಾರೆ. ಚರ್ಚ್ ಕಟ್ಟಡ ಇಲ್ಲದ ಊರಲ್ಲಿ ಬೀದೀಲೇ ನಿಂತು ಪ್ರವಚನ ಮಾಡ್ತಿದ್ರು. 1876ರ ಆಗಸ್ಟ್ 20, ಭಾನುವಾರ, ಕ್ರೂಕ್ ಸಿಟಿಗೆ ಹೋಗ್ತಿದೀನಿ, ದೇವರ ದಯೆ ಇದ್ರೆ ಮೂರು ಗಂಟೆಗೆ ವಾಪಸ್ ಅಂತ ಬಾಗಿಲ ಮೇಲೆ ಚೀಟಿ ಇಟ್ಟು ನಡ್ಕೊಂಡು ಹೊರಟೋರು. ದಾರೀಲಿ ಗುಂಡೇಟಿಗೆ ಸತ್ತು ಬಿದ್ದಿದ್ರು. ಇಲ್ಲಿನ ಮೂಲನಿವಾಸಿಗಳು ಹೊಡೆದ್ರು ಅಂತ ಅವತ್ತಿನೋರು ತಕ್ಷಣ ಹೇಳಿದ್ರು, ಯಾರು ಅಂತ ಮಾತ್ರ ಸಾಬೀತಾಗ್ಲೇ ಇಲ್ಲ.

ಸೇಥ್ ಬುಲಕ್ ಸಮಾಧಿ ಬೇರೆಯೋರ ಜೊತೆ ಇಲ್ಲದೇ ಅಷ್ಟು ಎತ್ತರದಲ್ಲಿ ಯಾಕಿದೆ?

ಮಂಡಿ ನೋವಿರೋರು ಇದನ್ನ ಬಿಟ್ಬಿಡಿ, ಸ್ಮಶಾನದ ಮೇಲ್ತುದಿ ದಾಟಿ ಇನ್ನೂ ಏರ್ಬೇಕು, ನಮ್ಮ ಅತ್ತೆ ಅರ್ಧದಲ್ಲೇ ಬಂಡೆ ಮೇಲೆ ಕೂತು "ನೀವು ನೋಡ್ಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ, ಸದ್ಯಕ್ಕೆ" ಅಂದ್ರು.

ಬುಲಕ್ ಕೆನಡಾದಲ್ಲಿ ಹುಟ್ಟಿದೋರು, ಹಾರ್ಡ್‌ವೇರ್ ಅಂಗಡಿ ಹಾಕೋಕೆ ಅಂತ ಬಿಲ್ ಸಾಯೋ ಹಿಂದಿನ ದಿನ ಊರಿಗೆ ಬಂದ್ರು, ಶೆರಿಫ್, ಅಂದ್ರೆ ಪೊಲೀಸ್ ಮುಖ್ಯಸ್ಥ ಆದ್ರು, ಊರಿಗೆ ಒಂದು ಶಿಸ್ತು ತಂದ್ರು. ಅಮೆರಿಕಾ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ ಜೊತೆ ಗಳಸ್ಯ ಕಂಠಸ್ಯ. ರೂಸ್‌ವೆಲ್ಟ್ 1919ರ ಜನವರೀಲಿ ತೀರ್ಕೊಂಡಾಗ ಎದುರಿನ ಬೆಟ್ಟಕ್ಕೆ ಅವರ ಹೆಸರಿಡಿಸಿ, ಅದರ ಮೇಲೆ ಕಲ್ಲಿನ ಗೋಪುರ ಕಟ್ಟಿಸಿದ್ರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇವರೂ ಹೋದ್ರು. ಸಮಾಧಿಯಿಂದ ಗೆಳೆಯನ ಬೆಟ್ಟ ಕಾಣಬೇಕು ಅಂತ ಈ ಜಾಗ ಆರಿಸ್ಕೊಂಡಿದ್ದು. ಈಗ ಪೈನ್ ಮರ ಬೆಳ್ಕೊಂಡು ಅಡ್ಡ ನಿಂತಿವೆ.

ಗಿಳಿ ಜೊತೆ ಹೂತಿರೋ ಹೆಂಗಸು ಯಾರು?

ಡೋರಾ ಡುಫ್ರಾನ್, ಈ ಕಡೆ ಊರುಗಳಲ್ಲಿ ವೇಶ್ಯಾಗೃಹ ನಡೆಸ್ತಿದ್ದ ಮೇಡಂ. ಸಾಕಿದ ಗಿಳಿ ಫ್ರೆಡ್ ಕೂಡ ಅಲ್ಲೇ ಇದೆ. ಸಮಾಧಿ ಮೇಲಿನ ನಾಲ್ಕು ಕುಂಡ ಅವಳ ನಾಲ್ಕು ಮನೆಗಳ ಲೆಕ್ಕ ಅಂತಾರೆ. ಕಷ್ಟದ ದಿನಗಳಲ್ಲಿ ಕಲಾಮಿಟಿ ಜೇನ್‌ಗೆ ಕೆಲಸ ಕೊಟ್ಟು ಇಟ್ಕೊಂಡಿದ್ದೂ ಇವಳೇ. ಪೊಟ್ಯಾಟೊ ಕ್ರೀಕ್ ಜಾನಿ ಅಂತ ಒಬ್ಬ ಕುಳ್ಳ ಮುದುಕ ಬಿಲ್, ಜೇನ್ ಹತ್ರಾನೇ ಇದಾನೆ, ವೇಲ್ಸ್‌ನಿಂದ ಬಂದೋನು, ಎಲ್ರೂ ಚಿನ್ನ ಮುಗೀತು ಅಂತ ಬಿಟ್ಟ ಮೇಲೆ 1929ರಲ್ಲಿ ಹೊಳೇಲಿ ಏಳೂಮುಕ್ಕಾಲು ಔನ್ಸಿನ ಚಿನ್ನದ ಗಟ್ಟಿ ಹೆಕ್ಕಿದೋನು. ಅದನ್ನ ಊರಿನ ಆಡಮ್ಸ್ ಮ್ಯೂಸಿಯಂ ಕೊಂಡ್ಕೊಳ್ತು.

"ಡೆಡ್‌ವುಡ್" ಅನ್ನೋ ಟೀವಿ ಸೀರೀಸಲ್ಲಿ ಬರೋ ಆ ಬಾರ್ ಓನರ್ ವಿಲನ್?

ಆಲ್ ಸ್ವೆರೆಂಜನ್ ನಿಜವಾದ ಮನುಷ್ಯಾನೇ, ಜೆಮ್ ಥಿಯೇಟರ್ ನಡೆಸ್ತಿದ್ದ. ಇಲ್ಲಿಲ್ಲ, ಹುಡುಕ್ಬೇಡಿ.

ಇದು ನಮ್ಮ ಕೆಜಿಎಫ್ ಥರಾನೇ ಅಲ್ವಾ?

ಕೋಲಾರದ ಕಡೆಯೋರು ಬಂದಾಗ ಈ ಪ್ರಶ್ನೆ ಗ್ಯಾರಂಟಿ, ಮತ್ತೆ ಅವರು ಕೇಳೋದರಲ್ಲಿ ತಪ್ಪಿಲ್ಲ. ಡೆಡ್‌ವುಡ್ ಪಕ್ಕದ್ದೇ ಊರು ಲೀಡ್, ಅಲ್ಲಿ ಹೋಮ್‌ಸ್ಟೇಕ್ ಗಣಿ, 1877ರಲ್ಲಿ ಜಾರ್ಜ್ ಹರ್ಸ್ಟ್ ಪಾಲುದಾರರ ಜೊತೆ ಕೊಂಡು ಶುರು ಮಾಡಿದ್ದು. ಕೆಜಿಎಫ್‌ಗೆ ಜಾನ್ ಟೇಲರ್ ಕಂಪನಿ ಬಂದಿದ್ದು 1880ರಲ್ಲಿ. ಎರಡೂ ಕಡೆ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿ ಕೆಲಸದೋರು ಬಂದು ಸುರಂಗ ಇಳಿದ್ರು, ಎರಡೂ ಕಡೆ ಸ್ಮಶಾನದಲ್ಲಿ ಅವರ ಕಲ್ಲುಗಳಿವೆ. ಆಳದಲ್ಲಿ ಕೆಜಿಎಫ್‌ದೇ ಮೇಲುಗೈ, ಮೂರು ಕಿಲೋಮೀಟರ್ ದಾಟಿತ್ತು, ಹೋಮ್‌ಸ್ಟೇಕ್ 8,000 ಅಡಿ. ಕೆಜಿಎಫ್ ಮುಚ್ಚಿದ್ದು 2001ರ ಫೆಬ್ರವರೀಲಿ, ಹೋಮ್‌ಸ್ಟೇಕ್ ಕೆಲಸ ನಿಂತಿದ್ದು ಅದೇ ವರ್ಷದ ಕೊನೆ ಹೊತ್ತಿಗೆ.

ಇನ್ನೊಂದು ನಂಟು ಹೇಳಿದ್ರೆ ಫಿಸಿಕ್ಸ್ ಓದಿರೋರು ಕುಣೀತಾರೆ. ನ್ಯೂಟ್ರಿನೊ ಅನ್ನೋ ಕಣ ಹಿಡಿಯೋಕೆ ಭೂಮಿ ಒಳಗೆ ಬಹಳ ಆಳ ಬೇಕು, ಮೇಲಿನ ಗಲಾಟೆ ತಟ್ಟಬಾರದು. 1965ರಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣೀಲಿ ವಾತಾವರಣದ ನ್ಯೂಟ್ರಿನೊ ಸಿಕ್ತು. ಹೋಮ್‌ಸ್ಟೇಕ್‌ನಲ್ಲಿ ರೇ ಡೇವಿಸ್ ಅನ್ನೋ ವಿಜ್ಞಾನಿ 4,850 ಅಡಿ ಕೆಳಗೆ ಒಂದು ಲಕ್ಷ ಗ್ಯಾಲನ್ ಡ್ರೈಕ್ಲೀನಿಂಗ್ ದ್ರವ ತುಂಬಿದ ಟ್ಯಾಂಕ್ ಇಟ್ಟು ಸೂರ್ಯನ ನ್ಯೂಟ್ರಿನೊ ಎಣಿಸಿದ್ರು, 2002ರಲ್ಲಿ ನೊಬೆಲ್ ಬಂತು. ಅಲ್ಲಿ ಈಗ ದೊಡ್ಡ ಭೂಗತ ಲ್ಯಾಬ್ ಇದೆ. ನಮ್ಮ ಗಣಿ ನೀರು ತುಂಬ್ಕೊಂಡು ನಿಂತಿದೆ, ಮೇಲೆ ಸೈನೈಡ್ ಮಣ್ಣಿನ ದಿಬ್ಬ. ಈ ವಿಷಯ ಶುರುವಾದ್ರೆ ನಂಗೆ ಬಿಪಿ ಏರತ್ತೆ, ಬಿಡಿ.

ಈಗ್ಲೂ ಇಲ್ಲಿ ಹೂಳ್ತಾರಾ? ಯಾರು ನೋಡ್ಕೊಳ್ತಾರೆ?

ಜಾಗ ತುಂಬಿ ದಶಕಗಳಾದ್ವು. ಈಗ ಊರಿನೋರು ಹೋಗೋದು ಓಕ್‌ರಿಡ್ಜ್ ಅನ್ನೋ ಬೇರೆ ಸ್ಮಶಾನಕ್ಕೆ. ಇದನ್ನ ನೋಡ್ಕೊಳ್ಳೋದು ಊರಿನ ನಗರಸಭೆ. 1989ರ ನವೆಂಬರ್‌ನಲ್ಲಿ ಊರಲ್ಲಿ ಜೂಜು ಕಾನೂನುಬದ್ಧ ಆಯ್ತು, ಅದರ ಆದಾಯದಲ್ಲಿ ಹಳೇ ಕಟ್ಟಡ ಉಳಿಸೋಕೆ ಅಂತ ಪಾಲು ಇಟ್ರು, ಕುಸಿದ ಗೋಡೆ, ವಾಲಿದ ಕಲ್ಲು, ದಾರಿ, ಎಲ್ಲಾ ರಿಪೇರಿ ಆಯ್ತು. ಇಸ್ಪೀಟ್ ಆಡ್ತಾ ಸತ್ತೋನ ಗೋರಿಗೆ ಇಸ್ಪೀಟ್ ಆಡೋರ ದುಡ್ಡು.

ಯಾವಾಗ ಬರಬೇಕು, ಏನು ಹಾಕ್ಕೊಂಡು ಬರಬೇಕು?

ಜೂನ್ ಇಲ್ಲಾ ಸೆಪ್ಟೆಂಬರ್. ಆಗಸ್ಟ್ ಮೊದಲ ವಾರಗಳಲ್ಲಿ ಪಕ್ಕದ ಸ್ಟರ್ಜಿಸ್‌ನಲ್ಲಿ ಬೈಕ್ ಜಾತ್ರೆ, ಲಕ್ಷಗಟ್ಟಲೆ ಬೈಕು, ರೂಮೂ ಸಿಗಲ್ಲ, ಕಿವಿಗೂ ಕಷ್ಟ. ಚಳಿಗಾಲದಲ್ಲಿ ಐಸ್ ಮೇಲೆ ನಾನೇ ಒಂದ್ಸಲ ಜಾರಿ ಯಾರದ್ದೋ ಬೇಲಿ ಹಿಡ್ಕೊಂಡು ಬಚಾವಾಗಿದೀನಿ. ಹವಾಯಿ ಚಪ್ಲಿ ಬೇಡ, ದಾರಿ ಕಡಿದಾಗಿದೆ. ಊರೇ 4,500 ಅಡಿ ಮೇಲಿದೆ, ಗುಡ್ಡ ಇನ್ನೂ ಮೇಲೆ, ಬೇಗ ಏದುಸಿರು ಬರತ್ತೆ, ನೀರು ಇಟ್ಕೊಳ್ಳಿ. ಕಲ್ಲಿಗೆ ಒರಗಬೇಡಿ, ಅಕ್ಷರ ಓದೋಕೆ ಸೀಮೆಸುಣ್ಣ ಉಜ್ಜಬೇಡಿ, ಸವೆದು ಹೋಗತ್ತೆ. ಫೋಟೋ ತೆಗೀಬಹುದು.

ಬಂದ್ಮೇಲೆ ತಲೆಗೆ ಸ್ನಾನ ಮಾಡಬೇಕಾ?

ಇದನ್ನ ನಾನು ನಮ್ಮಮ್ಮನ ಹತ್ರಾನೇ ಕೇಳಿದ್ದೆ. ಹೆಣದ ಜೊತೆ ಹೋಗಿಲ್ಲ, ಗೋತ್ರದೋರಲ್ಲ, ಸೂತಕ ಇಲ್ಲ, ಕಾಲು ತೊಳ್ಕೊಂಡ್ರೆ ಸಾಕು ಅಂದ್ರು. ಅಷ್ಟಂದೋರು ಕಾರು ಹತ್ತೋ ಮುಂಚೆ ಬ್ಯಾಗಿಂದ ಒಂದು ಪ್ಯಾಕೆಟ್ ಕೊಬ್ಬರಿ ಬಿಸ್ಕೆಟ್ ತೆಗೆದು ಎರಡನ್ನ ಆ ಚೀನಾದೋರ ಕಟ್ಟೆ ಮೇಲೆ ಇಟ್ಟು ಬಂದಿದ್ರಂತೆ, ರ‍್ಯಾಪಿಡ್ ಸಿಟಿ ತಲುಪೋವರೆಗೂ ಹೇಳಿರ್ಲಿಲ್ಲ.